ಟೈಟಾನಿಯಂ ಉಂಗುರ ತೊಟ್ಟರೆ ಬೆರಳಿಗೆ ಕುತ್ತೇ?

"ಟೈಟಾನಿಯಂ ಉಂಗುರ ಬೇಡ ಕಣಪ್ಪಾ. ಬೆರಳು ಊದ್ಕೊಂಡ್ರೆ ಉಂಗುರ ಕತ್ತರ್ಸೋಕಾಗಲ್ಲ, ಬೆರಳನ್ನೇ ತೆಗೀಬೇಕಾಯ್ತದೆ." ನಿಶ್ಚಿತಾರ್ಥಕ್ಕೆ ಉಂಗುರ ಆರಿಸುವಾಗ ಮನೆಯ ಹಿರಿಯರು ಹೀಗೆಂದರೆ ಯಾರಿಗಾದರೂ ದಿಗಿಲಾದೀತು. ದಿಗಿಲು ಸಹಜ, ಮಾತು ಮಾತ್ರ ಸುಳ್ಳು.

ಚಿನ್ನದುಂಗುರ ಬಿಡಿಸಲು ಬಳಸುವ, ಕೈಯಲ್ಲಿ ತಿರುಗಿಸುವ ಪುಟ್ಟ ಗರಗಸ ಟೈಟಾನಿಯಂ ಮುಂದೆ ಬೇಗ ಮೊಂಡಾಗುತ್ತದೆ. ಗಾಳಿಮಾತು ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ಮೋಟಾರಿಗೆ ಜೋಡಿಸಿದ ವಜ್ರದ ಪುಡಿಯ ಬಿಲ್ಲೆಯಿಂದ ಇದನ್ನು ಕತ್ತರಿಸಬಹುದು. ಆದರೆ ಟೈಟಾನಿಯಂ ಶಾಖವನ್ನು ಹರಿಸುವುದು ಚಿನ್ನದ ಹದಿನಾಲ್ಕನೇ ಒಂದು ಪಾಲಿನಷ್ಟು ಮಾತ್ರ. ಬಿಲ್ಲೆ ತಾಗಿದ ಜಾಗದಲ್ಲೇ ಕಾವು ನಿಂತುಬಿಡುತ್ತದೆ. ಆದ್ದರಿಂದ ಬೆರಳಿಗೂ ಉಂಗುರಕ್ಕೂ ನಡುವೆ ತೆಳು ತಗಡು ತೂರಿಸಿ, ನೀರು ಹನಿಸುತ್ತಾ, ಬಿಟ್ಟು ಬಿಟ್ಟು ಕತ್ತರಿಸಬೇಕು. ಬಾಗಿಸಿ ಅಗಲಿಸುವುದು ಕಷ್ಟವಾದ್ದರಿಂದ ಎರಡು ಕಡೆ ಕತ್ತರಿಸಿದರೆ ಸಲೀಸು. ಇದು ಪರಿಣತರ ಕೆಲಸ, ಮನೆಯ ಗ್ರೈಂಡರ್ ಹಿಡಿಯಬೇಡಿ.

ನಮ್ಮ ಸೀಮೆಯಲ್ಲಿ ಬೆರಳಿಗೆ ನಿಜವಾದ ಕುತ್ತು ಇರುವುದು ದುಡಿಮೆಯಲ್ಲಿ. ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಆಲೆಮನೆಗಳಲ್ಲಿ ಗಾಣಕ್ಕೆ ಕಬ್ಬು ಕೊಡುವವರು, ಟ್ರ್ಯಾಕ್ಟರ್ ಟ್ರೇಲರಿನಿಂದ ಧುಮುಕುವವರು ಉಂಗುರ ತೊಟ್ಟಿದ್ದರೆ ಅದು ಕೊಂಡಿಗೋ ಕಂಬಿಗೋ ಸಿಕ್ಕಿಕೊಳ್ಳಬಹುದು. ಆಗ ಮೈಭಾರವೆಲ್ಲ ಒಂದೇ ಬೆರಳಿನ ಮೇಲೆ ಬಿದ್ದು ಚರ್ಮ, ರಕ್ತನಾಳ ಸಮೇತ ಕಿತ್ತು ಬರುತ್ತದೆ. ಚಿನ್ನವಾದರೂ ಇದೇ ಅಪಾಯ. ತೆಳು ಚಿನ್ನ ಒಮ್ಮೊಮ್ಮೆ ಬಾಗಿ ಬಿಟ್ಟುಕೊಟ್ಟೀತು, ಟೈಟಾನಿಯಂ ಬಿಟ್ಟುಕೊಡುವುದಿಲ್ಲ. ಕೆಲಸಕ್ಕೆ ಇಳಿಯುವ ಮುನ್ನ ಉಂಗುರ ಕಳಚಿಡಿ.

ಗೀರು ಬೀಳುವುದೇ ಇಲ್ಲ ಎನ್ನುವುದೂ ಸುಳ್ಳು. ಮೇಲುಕೋಟೆಯ ಕಲ್ಯಾಣಿ ಮೆಟ್ಟಿಲಿಗೆ ಕೈಯೂರಿದಾಗ ಅಂಗೈಗೆ ಹತ್ತುವ ಮರಳಿನಲ್ಲಿರುವ ಬೆಣಚು ಇದಕ್ಕಿಂತ ಗಡಸು. ಕನ್ನಡಿಯಂಥ ಹೊಳಪಿನ ಮೇಲೆ ಗೀರು ಎದ್ದು ಕಾಣುತ್ತದೆ, ಮಂದ ಹೊಳಪಿನಲ್ಲಿ ಅಡಗುತ್ತದೆ. ಬಣ್ಣವಿಲ್ಲದ ಮಂದ ಉಂಗುರವನ್ನು ಪಾತ್ರೆ ಉಜ್ಜುವ ಹಸಿರು ನಾರಿನಿಂದ ಒಂದೇ ದಿಕ್ಕಿಗೆ ತಿಕ್ಕಿದರೆ ಹೊಸದರಂತಾಗುತ್ತದೆ. ನೀಲಿ, ನೇರಳೆ ಉಂಗುರಕ್ಕೆ ಹಾಗೆ ಮಾಡಿದರೆ ಬಣ್ಣವೇ ಹೋಗುತ್ತದೆ. ಅದು ಪೇಂಟ್ ಅಲ್ಲ. ಉಂಗುರವನ್ನು ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದಾಗ ಮೇಲ್ಮೈಯ ಆಕ್ಸೈಡ್ ಪೊರೆ ದಪ್ಪವಾಗುತ್ತದೆ. ಸೋಪಿನ ಗುಳ್ಳೆಯಲ್ಲಿ ಹೇಗೋ ಹಾಗೆ, ಬೆಳಕೇ ಅಲ್ಲಿ ಬಣ್ಣ ಹುಟ್ಟಿಸುತ್ತದೆ. 30 ವೋಲ್ಟ್ ಆಸುಪಾಸಿನಲ್ಲಿ ನೀಲಿ, ಇನ್ನೂ ಏರಿಸಿದರೆ ಹಳದಿ, ಆಮೇಲೆ ನೇರಳೆ. ತೊಡುತ್ತಾ ತೊಡುತ್ತಾ ಅಂಚಿನಲ್ಲಿ ಈ ಪೊರೆ ಸವೆಯುತ್ತದೆ.

ಬಿಗಿಯಾದರೆ ಅಕ್ಕಸಾಲಿ ದೊಡ್ಡದು ಮಾಡಿಕೊಡುತ್ತಾರೆ ಎಂದುಕೊಂಡು ಕೊಳ್ಳಬೇಡಿ. ಕೆಂಪಗೆ ಕಾದ ಟೈಟಾನಿಯಂ ಗಾಳಿಯ ಆಮ್ಲಜನಕ, ಸಾರಜನಕ ಎರಡನ್ನೂ ಹೀರಿ ಪೆಡಸಾಗುತ್ತದೆ, ಕುಲುಮೆಯ ಬೆಸುಗೆ ಇದಕ್ಕೆ ಒಗ್ಗದು. ಅದಕ್ಕೇ ಇಡೀ ಉಂಗುರವನ್ನು ಸರಳಿನಿಂದ ಲೇತ್‌ನಲ್ಲಿ ಕಡೆದು ತೆಗೆಯುತ್ತಾರೆ. ಬೆಂಗಳೂರಿನ ಪೀಣ್ಯದಲ್ಲಿ ವಿಮಾನದ ಬಿಡಿಭಾಗ ಮಾಡುವವರಿಗೆ ಈ ಲೋಹದ ಸ್ವಭಾವ ಚೆನ್ನಾಗಿ ಗೊತ್ತು. ಕಡೆಯುವಾಗ ಉದುರುವ ಸಣ್ಣ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಒಣಮರಳು ಮುಚ್ಚಬೇಕು.

ಟೈಟಾನಿಯಂ ತೊಟ್ಟರೆ ತುರಿಕೆ ಬರುತ್ತದೆ ಎನ್ನುವವರಿದ್ದಾರೆ. ಅಗ್ಗದ ಆಭರಣಗಳ ತುರಿಕೆಗೆ ಸಾಮಾನ್ಯವಾಗಿ ಕಾರಣ ನಿಕ್ಕಲ್, ಶುದ್ಧ ಟೈಟಾನಿಯಂನಲ್ಲಿ ಅದನ್ನು ಬೆರೆಸಿರುವುದಿಲ್ಲ; ಇದು ಒಗ್ಗದವರು ಬಹಳ ಅಪರೂಪ. ಆದರೆ ಟೈಟಾನಿಯಂ ಲೇಪನದ ಸ್ಟೀಲನ್ನೇ ಟೈಟಾನಿಯಂ ಎಂದು ಮಾರುವುದುಂಟು. ಅಂಗೈಯಲ್ಲಿಟ್ಟು ತೂಗಿ ನೋಡಿ: ಅದೇ ಗಾತ್ರದ ಸ್ಟೀಲ್ ಉಂಗುರ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಭಾರವಿರುತ್ತದೆ.

ಬೆರಳು ಊದಿಕೊಂಡರೆ ಕೈ ಮೇಲೆತ್ತಿ, ತಣ್ಣೀರಲ್ಲಿಟ್ಟು, ಸೋಪು ಸವರಿ ಮೆಲ್ಲಗೆ ತಿರುಗಿಸಿ. ಬರದಿದ್ದರೆ ಬಲವಂತ ಬೇಡ. ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ತೊಟ್ಟಿರುವುದು ಟೈಟಾನಿಯಂ ಉಂಗುರ ಎಂದು ಹೋದ ಕೂಡಲೇ ಹೇಳಿ, ಸರಿಯಾದ ಸಲಕರಣೆ ತರಿಸಲು ಅವರಿಗೆ ಅನುಕೂಲ.