ಚೌಕಳಿ ಲುಂಗಿಯ ಚರಿತ್ರೆ

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಬುಟ್ಟಿ ಹೊರುವವನೂ, ಮಾಲೂರಿನ ಇಟ್ಟಿಗೆಗೂಡಿನ ಮುಂದೆ ಬೆಂಕಿ ಕಾಯುವವನೂ, ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಹರಾಜಿನ ಕೂಗಿಗೆ ಕಿವಿಗೊಟ್ಟು ನಿಂತ ರೈತನೂ, ಸಂಜೆ ಮನೆಗೆ ಮರಳಿ ಷರಾಯಿ ಕಳಚಿದ ಗುಮಾಸ್ತನೂ ಸಮಾನವಾಗಿ ಆಶ್ರಯಿಸುವ ಉಡುಪು ಚೌಕಳಿಯ ಲುಂಗಿ. ದೇವಸ್ಥಾನಕ್ಕೋ ಮದುವೆಗೋ ಹೊರಟವನು ಇದನ್ನು ಬಿಚ್ಚಿಟ್ಟು ಬಿಳಿಯ ಪಂಚೆಯನ್ನುಡುವನು. ಮುಸಲ್ಮಾನ ಬಾಂಧವರಾದರೋ ಇದನ್ನುಟ್ಟೇ ನಮಾಜಿಗೆ ನಿಲ್ಲುವುದುಂಟು. ರೇಷ್ಮೆಗೆ ಸಂದಿರುವ ಗೌರವದ ಶತಾಂಶವೂ ಈ ಬಟ್ಟೆಗೆ ಸಂದಿಲ್ಲವೆಂಬುದು ನನ್ನ ಬಹುಕಾಲದ ಖೇದ.

ಮುಳಬಾಗಿಲಿನಿಂದ ವೆಂಕಟಗಿರಿಕೋಟೆಯನ್ನು ದಾಟಿ, ಘಟ್ಟವಿಳಿದು ಪೇರ್ಣಾಂಬಟ್ಟಿನ ಮೂಲಕ ಸಾಗಿದರೆ ಸಿಗುವ ಗುಡಿಯಾತ್ತಂ, ಲುಂಗಿಯ ನೇಯ್ಗೆಗೆ ತಮಿಳುನಾಡಿನಲ್ಲೇ ಹೆಸರಾದ ಊರು. ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ತಂಡೋಪತಂಡವಾಗಿ ಬಂದು ನೆಲಸಿದ ಕೂಲಿಕಾರರಲ್ಲಿ ಅನೇಕರು ಉತ್ತರ ಆರ್ಕಾಟು ಜಿಲ್ಲೆಯವರು. ಗುಡಿಯಾತ್ತಂ ಅಂದು ಸೇರಿದ್ದುದೂ ಆ ಜಿಲ್ಲೆಗೇ ಆದುದರಿಂದ ಅವರೊಡನೆ ಲುಂಗಿಯೂ ನಮ್ಮ ಸೀಮೆಗೆ ಬಂದಿರಬಹುದು.

ಈ ಬಟ್ಟೆಯ ಸೊಗಸೆಲ್ಲ ಲೆಕ್ಕದಲ್ಲಿದೆ. ಬಣ್ಣವನ್ನು ಬಟ್ಟೆಯ ಮೇಲೆ ಅಚ್ಚೊತ್ತುವುದಿಲ್ಲ. ಲಡಿಲಡಿಯಾಗಿ ನೂಲನ್ನೇ ಬಣ್ಣದಲ್ಲಿ ಅದ್ದಿ, ಗಂಜಿ ಹಾಕಿ, ಒಣಗಿಸಿ, ಹಾಸಿನಲ್ಲಿ ಇಷ್ಟು ಎಳೆ ನೀಲಿ, ಇಷ್ಟು ಬಿಳಿ, ಇಷ್ಟು ಕೆಂಪು ಎಂದು ಯಾವ ಕ್ರಮದಲ್ಲಿ ಜೋಡಿಸಿರುವರೋ ಅದೇ ಕ್ರಮದಲ್ಲಿ ಲಾಳಿಯನ್ನು ಬದಲಿಸುತ್ತ ಹೊಕ್ಕನ್ನೂ ಹೆಣೆದಾಗ ಚೌಕ ಮೂಡುತ್ತದೆ. ನೇಕಾರನು ಹಣಿಗೆಯನ್ನು ಒಮ್ಮೆ ಬಿಗಿಯಾಗಿಯೂ ಮತ್ತೊಮ್ಮೆ ಸಡಿಲವಾಗಿಯೂ ಬಡಿದನೆಂದರೆ ಚೌಕಗಳು ಒಂದು ಕುಗ್ಗಿ ಒಂದು ಹಿಗ್ಗಿ, ಅವನ ಕೈಯ ಅಸ್ಥಿರತೆಯನ್ನು ಊರಿಗೆಲ್ಲ ಸಾರುತ್ತವೆ. ನೂಲೇ ಬಣ್ಣಗೊಂಡಿರುವುದರಿಂದ ಒಳಮೈ ಹೊರಮೈಗಳೆಂಬ ಭೇದವಿಲ್ಲ. ಸುಮಾರು ಎರಡು ಮೀಟರ್ ಉದ್ದದ ಬಟ್ಟೆಯ ಎರಡು ತುದಿಗಳನ್ನು ಒಂದೇ ಹೊಲಿಗೆಯಿಂದ ಕೂಡಿಸಿದರೆ ಮುಗಿಯಿತು. ಹೇಗೆ ತಿರುಗಿಸಿ ಉಟ್ಟರೂ ಸರಿಯೇ ಆದುದರಿಂದ ಸವೆತವು ಎಲ್ಲೆಡೆಗೂ ಹಂಚಿಹೋಗಿ ಬಾಳಿಕೆ ಹೆಚ್ಚುವುದು. ಹಳತಾದಷ್ಟೂ ಮೃದುವಾಗುವ ಈ ಬಟ್ಟೆ ಕೊನೆಗೆ ಮಗುವಿನ ತೊಟ್ಟಿಲಾಗಿ ತೂಗುವುದನ್ನು ನಮ್ಮ ಹಳ್ಳಿಗಳಲ್ಲಿ ಕಾಣದವರಾರು?

ಇದರ ವಂಶವೃಕ್ಷವೂ ಸಾಮಾನ್ಯವಾದುದಲ್ಲ. ಹದಿನೇಳನೆಯ ಶತಮಾನದಲ್ಲಿ ಪುಲಿಕಾಟ್ ಬಂದರಿನಲ್ಲಿ ಕೋಟೆ ಕಟ್ಟಿಕೊಂಡ ಡಚ್ಚರು ಕೋರಮಂಡಲ ಕರಾವಳಿಯ ಬಟ್ಟೆಗಳನ್ನು ಪೂರ್ವದ್ವೀಪಗಳಿಗೆ ಹಡಗೇರಿಸಿದರು. ಬರ್ಮಾದ ಗಂಡಸರು ಉದ್ದನೆಯ ಪಸೋ ಬಟ್ಟೆಯನ್ನು ಬಿಟ್ಟು ಹೊಲಿದ ಲುಂಗಿಗೆ ಒಲಿದುದು ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ. ಇದೇ ಕುಲದ ಮದರಾಸಿನ ಚೌಕಳಿ ಬಟ್ಟೆಯನ್ನು ನೈಜೀರಿಯಾದ ಕಲಬಾರಿ ಜನರು ತರಿಸಿಕೊಂಡು, ಅಲ್ಲಲ್ಲಿ ಎಳೆಗಳನ್ನು ಕತ್ತರಿಸಿ ತೆಗೆದು ಹೊಸ ಚಿತ್ತಾರವನ್ನೆಬ್ಬಿಸಿ, ವಿಶೇಷ ಸಮಾರಂಭಗಳಲ್ಲಿ ಗೌರವದಿಂದ ಉಡುತ್ತ ಬಂದಿದ್ದಾರೆ. ನಾವು ಮನೆಯೊಳಗೆ ಮಾತ್ರ ಸಲ್ಲುವುದೆಂದು ಬಗೆದುದನ್ನು ಅವರು ಸಭೆಗೇರಿಸಿದರು. ಈ ವಿಷಯದಲ್ಲಿ ಅವರ ಅಭಿರುಚಿಯೇ ಮೇಲೆಂದು ನಾನು ಭಾವಿಸುತ್ತೇನೆ.

ಯಂತ್ರಮಗ್ಗಗಳು ಕೈಮಗ್ಗದವರ ಅನ್ನವನ್ನು ಕಸಿದುಕೊಳ್ಳದಿರಲೆಂದು 1985ರಲ್ಲಿ ಕೇಂದ್ರ ಸರ್ಕಾರವು ಕೆಲವು ವಸ್ತುಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆಯನ್ನು ಮಾಡಿತು. ಮೊದಲು 22 ಇದ್ದ ಮೀಸಲು ವಸ್ತುಗಳು ಅನಂತರ 11ಕ್ಕೆ ಇಳಿದರೂ ಲುಂಗಿಯು ಆ ಪಟ್ಟಿಯಲ್ಲಿ ಉಳಿದುಕೊಂಡಿತು. ಆದರೆ ಅಂಗಡಿಯ ಕಟ್ಟುಗಳಲ್ಲಿ ಅಗ್ಗದ ಯಂತ್ರಮಗ್ಗದ ಮಾಲೂ, ಅಚ್ಚೊತ್ತಿದ ಪಾಲಿಯೆಸ್ಟರೂ ಬೆರೆತಿರುತ್ತವೆ. ಆದುದರಿಂದ ಮುಂದಿನ ಬಾರಿ ಕೊಳ್ಳುವಾಗ ಬಟ್ಟೆಯನ್ನು ಮಗುಚಿ ನೋಡಿರಿ, ಎರಡು ಮೈಯಲ್ಲೂ ಬಣ್ಣ ಒಂದೇ ಇದೆಯೇ ಎಂದು ಪರೀಕ್ಷಿಸಿರಿ, ಕೈಮಗ್ಗದ ಮುದ್ರೆಯುಳ್ಳುದನ್ನೇ ಕೇಳಿರಿ. ಕೆಲವು ರೂಪಾಯಿ ಹೆಚ್ಚಾದರೂ ಅದನ್ನೇ ಕೊಳ್ಳಿರಿ.