ಸುಣ್ಣದ ನೀರಿನಲ್ಲಿ ನೆನೆದ ಜೋಳ: ಪುಣೆಯ ಒಂದು ರಾತ್ರಿ ಕಲಿತ ಮೆಕ್ಸಿಕನ್ ಪಾಠ



ಊರಿಗೆಲ್ಲ ಊಟ ಹಾಕುವವರು ನಾವು. ಆದರೆ ನಮ್ಮ ಊಟದ ಹೊತ್ತಿಗೆ ನಮ್ಮದೇ ಹೋಟೆಲುಗಳ ಷಟರ್ ಇಳಿದಿರುತ್ತದೆ. ಮಳೆಗಾಲದ ಒಂದು ರಾತ್ರಿ ಪುಣೆಯ ಎರಂಡವಣೆಯಲ್ಲಿ ಸಭೆ ಮುಗಿಯುವಾಗ ಹತ್ತು ದಾಟಿತ್ತು. ಕಲ್ಯಾಣಿನಗರದ ಸದಸ್ಯರೊಬ್ಬರನ್ನು ಮನೆಗೆ ಬಿಡಲೆಂದು ನಾವು ನಾಲ್ವರು ಒಂದೇ ಕಾರಿನಲ್ಲಿ ಹೊರಟೆವು. ದಾರಿಯಲ್ಲಿ ಕೋರೆಗಾಂವ್ ಪಾರ್ಕಿನ ಗಲ್ಲಿಯೊಂದರಲ್ಲಿ ಎಂಟು ಮೇಜಿನ ಪುಟ್ಟ ಮೆಕ್ಸಿಕನ್ ಹೋಟೆಲಿನಲ್ಲಿ ದೀಪ ಉರಿಯುತ್ತಿತ್ತು. ಹಸಿವಾಗಿತ್ತು, ಒಳಗೆ ಹೋದೆವು.

ನಿಜ ಹೇಳಬೇಕೆಂದರೆ ನಮಗೆ ಉತ್ಸಾಹವಿರಲಿಲ್ಲ. ಮೆಕ್ಸಿಕನ್ ಎಂದರೆ ಗರಿಗರಿ ಚಿಪ್ಸ್, ಅದರ ಮೇಲೆ ಹಳದಿ ಚೀಸ್ ಸಾಸ್, ಡಬ್ಬಿಯ ರಾಜ್ಮಾ, ಇಷ್ಟೇ ನಾವು ತಿಳಿದಿದ್ದದ್ದು. ನಮ್ಮ ಮೆನುಗಳಲ್ಲೂ 'ಮೆಕ್ಸಿಕನ್ ದೋಸೆ' ಬಂದಿದೆಯಲ್ಲ! ಆದರೆ ಅಲ್ಲಿ ಮೂಗಿಗೆ ಬಡಿದದ್ದು ಚೀಸ್ ವಾಸನೆಯಲ್ಲ, ಕಾದ ಹಂಚಿನ ಮೇಲೆ ಬೇಯುವ ಮೆಕ್ಕೆಜೋಳದ ವಾಸನೆ. ತೆರೆದ ಅಡುಗೆಮನೆಯಲ್ಲಿ ಹೆಂಗಸೊಬ್ಬರು ಹಿಟ್ಟಿನ ಉಂಡೆಗಳನ್ನು ಒತ್ತುಮಣೆಯಲ್ಲಿಟ್ಟು ಒತ್ತಿ ಹಂಚಿಗೆ ಹಾಕುತ್ತಿದ್ದರು. ನಮ್ಮ ಮಾತು ಕಿವಿಗೆ ಬಿದ್ದು, "ನೀವು ಕನ್ನಡದವ್ರೇನ್ರಿ ಅಣ್ಣಾರ?" ಎಂದರು. ಅಕ್ಕಲಕೋಟೆ ಕಡೆಯವರು. ಮೆಕ್ಸಿಕನ್ ರೊಟ್ಟಿ ಹೇಗೆ ಕಲಿತಿರಿ ಎಂದು ಕೇಳಿದೆವು. "ರೊಟ್ಟಿ ಬಡದ ಕೈರಿ ನಮ್ದು. ಇದನ್ನ ಬಡಿಯೂದಿಲ್ಲ, ಒತ್ತೂದು. ಅಷ್ಟ ಫರಕ" ಎಂದು ನಕ್ಕರು.

ತಟ್ಟೆಗೆ ಬಂದ ಟಾಕೊ ನಾವು ಎಣಿಸಿದಂತೆ ಗರಿಗರಿಯಾಗಿರಲಿಲ್ಲ. ಅಂಗೈಯಗಲದ ಮೆತ್ತನೆಯ ಬಿಸಿ ರೊಟ್ಟಿ, ಒಳಗೆ ಹುರಿದ ಕುಂಬಳ, ಕಾಳು, ಕೆಂಪು ಮೆಣಸಿನ ಚಟ್ನಿ, ಮೇಲೊಂದು ಹೋಳು ನಿಂಬೆ. ನಾಲ್ವರೂ ಎರಡನೆಯ ಸಲ ತರಿಸಿಕೊಂಡೆವು.

ಅಸಲಿ ಎಂದರೆ ಯಾವುದು?

ಬಾಗಿಸಿ ಕರಿದ ಗಟ್ಟಿ ಟಾಕೊ, ಹಳದಿ ಚೀಸ್ ಸಾಸ್ ಇವೆಲ್ಲ ಹೆಚ್ಚಾಗಿ ಅಮೆರಿಕದಲ್ಲಿ ಬೆಳೆದ ಪದ್ಧತಿ. ಟೆಕ್ಸಾಸ್ ಸೀಮೆಯಲ್ಲಿ ಬೆಳೆದದ್ದಕ್ಕೆ ಟೆಕ್ಸ್-ಮೆಕ್ಸ್ ಎಂದೇ ಹೆಸರು. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಟಾಕೊ ಬೆಲ್ ಇಂಥ ರುಚಿಯನ್ನು ಊರೂರಿಗೆ ಒಯ್ದಿತು. ಭಾರತದಲ್ಲಿ ಅದರ ಮೊದಲ ಅಂಗಡಿ ತೆರೆದದ್ದು 2010ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಅದೂ ಒಂದು ರುಚಿಯೇ, ಹೀಗಳೆಯಬೇಕಿಲ್ಲ. ಆದರೆ ಮೆಕ್ಸಿಕೋದ ಮನೆಯೂಟದ ಬುಡ ಬೇರೆ. ಅದು ತೋರ್ತೀಯ ಎಂಬ ಮೆಕ್ಕೆಜೋಳದ ರೊಟ್ಟಿ. ಗೋಧಿ ಬೆಳೆಯುವ ಉತ್ತರ ಮೆಕ್ಸಿಕೋದಲ್ಲಿ ಗೋಧಿಯ ತೋರ್ತೀಯವೂ ಉಂಟು, ಬುರಿಟೊ ಆ ಕಡೆಯದು. ನಮ್ಮಲ್ಲಿ ಕರಾವಳಿಗೆ ಅಕ್ಕಿ, ಬಯಲುಸೀಮೆಗೆ ರಾಗಿ, ಉತ್ತರಕ್ಕೆ ಜೋಳ ಇದ್ದ ಹಾಗೆ.

ಈ ರೊಟ್ಟಿಯ ಗುಟ್ಟು ಸುಣ್ಣ. ಅಲ್ಲಿಯ ಮಾಲೀಕರು ನಮ್ಮನ್ನು ಒಳಗೆ ಕರೆದು ತೋರಿಸಿದರು. ಒಂದು ಕಿಲೋ ಒಣ ಮೆಕ್ಕೆಜೋಳಕ್ಕೆ ಸುಮಾರು ಮೂರು ಲೀಟರ್ ನೀರು, ಹತ್ತು ಗ್ರಾಂ ತಿನ್ನುವ ಸುಣ್ಣ. ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ರಾತ್ರಿಯಿಡೀ ಅದೇ ನೀರಿನಲ್ಲಿ ಬಿಡುತ್ತಾರೆ. ಬೆಳಿಗ್ಗೆ ಎರಡು ಮೂರು ನೀರಿನಲ್ಲಿ ತಿಕ್ಕಿ ತೊಳೆದರೆ ಸಿಪ್ಪೆ ಜಾರಿಹೋಗುತ್ತದೆ. ಆಮೇಲೆ ಕಲ್ಲಿನಲ್ಲಿ ರುಬ್ಬಬೇಕು. ಅವರು ಬಳಸುತ್ತಿದ್ದದ್ದು ನಮ್ಮ ಇಡ್ಲಿ ಗ್ರೈಂಡರನ್ನೇ! ನೀರು ಮಾತ್ರ ಕೈಬಿಗಿ ಹಿಡಿದು ಹಾಕಬೇಕು. ಹೆಚ್ಚಾದರೆ ದೋಸೆ ಹಿಟ್ಟಾಗುತ್ತದೆ, ಉಂಡೆ ಕಟ್ಟಲು ಬರುವುದಿಲ್ಲ. ಪಾತ್ರೆ ಸ್ಟೀಲಿನದೇ ಆಗಬೇಕು. ಸುಣ್ಣಕ್ಕೂ ಅಲ್ಯೂಮಿನಿಯಮ್ಮಿಗೂ ಆಗದು. ಗೋಡೆಗೆ ಬಳಿಯುವ ಸುಣ್ಣವನ್ನಂತೂ ಯಾರೂ ಮುಟ್ಟಬೇಡಿ.

ಸುಣ್ಣದಿಂದ ಮೂರು ಲಾಭ. ಮೆಕ್ಕೆಜೋಳದ ಹಿಟ್ಟಿಗೆ ಜಿಗುಟಿಲ್ಲ, ಸುಣ್ಣದಲ್ಲಿ ಬೆಂದರೆ ಹಿಟ್ಟು ಹಿಡಿದುಕೊಳ್ಳುತ್ತದೆ. ಜೋಳದ ರೊಟ್ಟಿಗೆ ನಾವು ಕುದಿಯುವ ನೀರು ಹಾಕಿ ನಾದುವುದೂ ಹಿಟ್ಟು ಹಿಡಿಯಲೆಂದೇ ಅಲ್ಲವೇ? ಎರಡನೆಯದು ಆ ವಿಶಿಷ್ಟ ಘಮ. ಮೂರನೆಯದು ಆರೋಗ್ಯ: ಕಾಳಿನಲ್ಲಿ ಸಿಕ್ಕಿಕೊಂಡಿರುವ ನಿಯಾಸಿನ್ ಎಂಬ ಜೀವಸತ್ವ ಬಿಡುಗಡೆಯಾಗಿ ಮೈಗೆ ಹಿಡಿಯುತ್ತದೆ. ಯುರೋಪಿನವರು ಮೆಕ್ಕೆಜೋಳ ಒಯ್ದರು, ಸುಣ್ಣದ ವಿದ್ಯೆ ಒಯ್ಯಲಿಲ್ಲ. ಅದನ್ನೇ ಉಂಡು ಬದುಕಿದ ಇಟಲಿಯ ಬಡವರು 'ಪೆಲಾಗ್ರ' ರೋಗಕ್ಕೆ ತುತ್ತಾದರು. 2010ರಲ್ಲಿ ಯುನೆಸ್ಕೋ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಸುಣ್ಣದ ಕ್ರಮವನ್ನೂ ಹೆಸರಿಸಿತ್ತು.

ನಮ್ಮ ಅಡುಗೆಮನೆಗೆ ಎಷ್ಟು ದೂರ?

ಅಷ್ಟೇನೂ ದೂರವಿಲ್ಲ. ಮೆಣಸಿನಕಾಯಿ ಆ ಸೀಮೆಯಿಂದಲೇ ಪೋರ್ಚುಗೀಸರ ಹಡಗಿನಲ್ಲಿ ನಮ್ಮಲ್ಲಿಗೆ ಬಂದದ್ದು. ಟೊಮ್ಯಾಟೊ, ರಾಜ್ಮಾಗಳ ತವರೂ ಆ ಖಂಡವೇ. ಅಲ್ಲಿ ಒಣಮೆಣಸು ಹುರಿದು, ನೆನೆಸಿ, ರುಬ್ಬಿ ಚಟ್ನಿ ಮಾಡುತ್ತಾರೆ. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ನಮ್ಮ ಬ್ಯಾಡಗಿ ಆ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಬೆಣ್ಣೆಹಣ್ಣು ಕೊಡಗಿನಲ್ಲಿದೆ. ಮೆಕ್ಕೆಜೋಳ ದಾವಣಗೆರೆ, ಹಾವೇರಿಗಳಲ್ಲಿ ಬೇಕಾದಷ್ಟಿದೆ. ಒಣಗಿದ ಗಟ್ಟಿ ಕಾಳೇ ಬೇಕು, ಸ್ವೀಟ್ ಕಾರ್ನ್ ನಡೆಯದು.

ಸಸ್ಯಾಹಾರಿ ಹೋಟೆಲಿನವರಿಗೆ ಒಂದು ಎಚ್ಚರಿಕೆ. ಮೆಕ್ಸಿಕೋದಲ್ಲಿ ಕಾಳಿನ ಪಲ್ಯಕ್ಕೆ ಹಂದಿ ಕೊಬ್ಬು ಹಾಕುವುದು ವಾಡಿಕೆ. ಹೊರದೇಶದ ಡಬ್ಬಿ ತಂದರೆ ಹಸಿರು ಚುಕ್ಕೆ ನೋಡಿಯೇ ತೆರೆಯಿರಿ. ಕಾಳನ್ನು ನಾವೇ ಬೇಯಿಸಿಕೊಳ್ಳುವುದು ಇನ್ನೂ ಉತ್ತಮ.

ನಮಗೆ ಸಂಬಂಧಿಸಿದ ಮಾತು

ಇಷ್ಟೆಲ್ಲ ಬರೆದದ್ದು ಎಲ್ಲರೂ ಟಾಕೊ ಮಾರಲಿ ಎಂದಲ್ಲ. ಅಂದು ನಮ್ಮ ಜೊತೆಗಿದ್ದ ಸದಸ್ಯರೊಬ್ಬರು ತಮ್ಮ ಗ್ರೈಂಡರುಗಳನ್ನು ಮಾರಿ, ಪ್ಯಾಕೆಟ್ ಹಿಟ್ಟಿಗೆ ಬದಲಾಗುವವರಿದ್ದರು. ರುಬ್ಬುವ ಹುಡುಗರು ಸಿಗುತ್ತಿಲ್ಲ, ಕರೆಂಟ್ ಬಿಲ್ಲು ಏರುತ್ತಿದೆ, ಅವರ ಕಷ್ಟ ಸುಳ್ಳಲ್ಲ. ಹಿಟ್ಟಿನಲ್ಲಿ ಉಳಿದ ಹಣದಿಂದ ಮೆನುವಿಗೆ ಚೈನೀಸ್, ಮೆಕ್ಸಿಕನ್ ಎಂದು ಎರಡು ಪುಟ ಸೇರಿಸುವುದು ಅವರ ಯೋಜನೆ. ಎಂಟೇ ಮೇಜಿನ ಆ ಹೋಟೆಲಿನಲ್ಲಿ ರಾತ್ರಿ ಹತ್ತೂವರೆಗೆ ಖಾಲಿ ಇದ್ದದ್ದು ನಾವು ಕೂತ ಮೇಜೊಂದೇ. ಅವರ ಮೆನು ಒಂದೇ ಪುಟ.

ಇದು ಪುಣೆಯ ನಮ್ಮ ಹಿರಿಯರಿಗೆ ಗೊತ್ತಿದ್ದ ವಿಷಯವೇ. 1950ರ ದಶಕದಲ್ಲಿ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ಜಗನ್ನಾಥ ಶೆಟ್ಟರು ಹೋಟೆಲು ನಡೆಸತೊಡಗಿದಾಗ ಇಡ್ಲಿ, ದೋಸೆ ಇಲ್ಲಿಯವರಿಗೆ ಹೊರಗಿನ ತಿಂಡಿ. ಇಂದಿನ ವೈಶಾಲಿಗೆ ಆಗ ಮದ್ರಾಸ್ ಹೆಲ್ತ್ ಹೋಮ್ ಎಂದು ಹೆಸರು. ಕಾಲೇಜು ಹುಡುಗರು ಆ ಹೊಸ ರುಚಿಗೆ ಒಗ್ಗಿಕೊಂಡು ತಲೆಮಾರುಗಳ ಗಿರಾಕಿಗಳಾದರು. ಶೆಟ್ಟರು 2023ರಲ್ಲಿ ತೀರಿಕೊಂಡಾಗ ಇಡೀ ಪುಣೆ ಮರುಗಿತು. ವೈಶಾಲಿಯ ಹೆಸರಾಂತ ಎಸ್‌ಪಿಡಿಪಿ ಉಡುಪಿಯ ತಿಂಡಿಯಲ್ಲ, ಸೇವ್, ಬಟಾಟೆ, ಮೊಸರು, ಪೂರಿಯ ಚಾಟ್. ಅದನ್ನು ಅದರದೇ ಹೆಸರಿನಲ್ಲಿ ಮಾರಿದರು, ಉಡುಪಿ ಚಾಟ್ ಎನ್ನಲಿಲ್ಲ. ಹೊಸದನ್ನು ಸೇರಿಸುವುದು ತಪ್ಪಲ್ಲ, ಹೆಸರು ಸುಳ್ಳಾಗಬಾರದು.

ಮೆಕ್ಸಿಕೋ ನಗರದ ಎಲ್ ಕಾಲಿಫಾ ಡಿ ಲಿಯೋನ್ ಎಂಬ ನಿಂತು ತಿನ್ನುವ ಅಂಗಡಿಗೆ 2024ರಲ್ಲಿ ಮಿಶಲಿನ್ ನಕ್ಷತ್ರ ಸಿಕ್ಕಿತು. ಅಲ್ಲಿರುವುದು ನಾಲ್ಕೇ ಬಗೆಯ ಟಾಕೊ.

ಆದ್ದರಿಂದ ಮೆನುವಿಗೆ ಹೊಸ ಪುಟ ಸೇರಿಸುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳೋಣ. ಆ ಅಡುಗೆಯ ಬುಡ ಯಾವುದು, ಅದನ್ನು ದಿನವೂ ನಮ್ಮ ಅಡುಗೆಮನೆಯಲ್ಲೇ ಮಾಡಬಲ್ಲೆವೇ? ನಮ್ಮದೇ ಅಡುಗೆಯ ಬುಡವಾದ ಹಿಟ್ಟು ಇನ್ನೂ ನಮ್ಮ ಕೈಯಲ್ಲಿದೆಯೇ? ಮೊದಲನೆಯದಕ್ಕೆ 'ಇಲ್ಲ' ಎಂದಾದರೆ ಆ ಹೆಸರು ಬೇಡ. ಎರಡನೆಯದಕ್ಕೆ 'ಇಲ್ಲ' ಎಂದಾದರೆ ಇನ್ನೊಂದು ಪುಟದಿಂದ ಹೋಟೆಲು ಉಳಿಯದು.

ನಮ್ಮ ಆ ಸದಸ್ಯರು ಎರಡು ಗ್ರೈಂಡರುಗಳಲ್ಲಿ ಒಂದನ್ನು ಸದ್ಯ ಉಳಿಸಿಕೊಂಡಿದ್ದಾರೆ. ದೋಸೆಗೆ ಮನೆಯ ಹಿಟ್ಟು, ಇಡ್ಲಿಗೆ ಪ್ಯಾಕೆಟ್ಟು. ರುಬ್ಬುವ ಹುಡುಗನನ್ನು ಇನ್ನೂ ಹುಡುಕುತ್ತಿದ್ದಾರೆ. ಯಾರಿಗಾದರೂ ಗೊತ್ತಿದ್ದರೆ ಮುಂದಿನ ಸಭೆಯಲ್ಲಿ ತಿಳಿಸಿ.