ವ್ಯಸನ ಚಿಕಿತ್ಸೆಯಲ್ಲಿ ಮೇಲ್ವಿಚಾರಕರ ಶಿಕ್ಷಣ

ಶಿಕಾರಿಪುರ ತಾಲ್ಲೂಕಿನ ಅಂಜನಾಪುರವು ಕುಮುದ್ವತೀ ನದಿಯ ಜಲಾಶಯದಿಂದ ಪ್ರಸಿದ್ಧವಾದ ಊರು. ಇಂತಹ ಊರಿನ ಕೃಷಿಕನು ಮದ್ಯವ್ಯಸನಕ್ಕೆ ಚಿಕಿತ್ಸೆ ಬಯಸಿದರೆ ಮನೋವೈದ್ಯರ ದರ್ಶನವು ನಿತ್ಯವೂ ಸಾಧ್ಯವಾಗದು. 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮವು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರಲು ಮಂಗಳವಾರವನ್ನು ಗೊತ್ತುಮಾಡಿತು. ಉಳಿದ ದಿನಗಳ ಭಾರವು ಆಪ್ತಸಮಾಲೋಚಕರ ಮೇಲೆ ಬೀಳುವುದು ಸಹಜ. ಅವರ ಮಾತನ್ನು ತಿದ್ದತಕ್ಕವರು ಯಾರೆಂಬುದೇ ಪ್ರಕೃತ ವಿಷಯವು.

ಉಪದೇಶಿಸಿದಷ್ಟೂ ವ್ಯಸನಿಯು ತನ್ನ ಕುಡಿತವನ್ನು ಸಮರ್ಥಿಸಿಕೊಳ್ಳುವನು. ಇದನ್ನು ಗಮನಿಸಿ ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು 1983ರಲ್ಲಿ ಪ್ರೇರಣಾತ್ಮಕ ಸಂದರ್ಶನವೆಂಬ ಕ್ರಮವನ್ನು ಪ್ರಕಟಿಸಿದರು. 1991ರಲ್ಲಿ ಸ್ಟೀಫನ್ ರೋಲ್ನಿಕ್ ಅವರೊಡನೆ ಅದನ್ನು ಗ್ರಂಥರೂಪಕ್ಕೆ ತಂದರು. ಬದಲಾಗಲು ಬೇಕಾದ ಕಾರಣಗಳನ್ನು ರೋಗಿಯ ಬಾಯಿಂದಲೇ ಹೊರಡಿಸುವುದು ಇದರ ತಿರುಳು. "ಕೂಲಿಯೆಲ್ಲ ಕುಡಿತಕ್ಕೇ ಹೋಗುತ್ತದೆ, ಮಗಳ ಓದಿಗೆ ಉಳಿಯುವುದಿಲ್ಲ, ಆದರೆ ಕುಡಿಯದಿದ್ದರೆ ನಿದ್ದೆ ಬಾರದು" ಎಂದು ಒಬ್ಬನು ಹೇಳಿದನೆನ್ನೋಣ. "ಹಾಗಾದರೆ ಬಿಟ್ಟುಬಿಡಿ" ಎಂದರೆ ಮಾತು ಅಲ್ಲಿಗೇ ನಿಲ್ಲುವುದು. "ಮಗಳು ಓದಬೇಕೆಂಬ ಆಸೆ ನಿಮಗೆ ಬಲವಾಗಿದೆ" ಎಂದರೆ ಅವನೇ ಮುಂದುವರಿಸುವನು.

ಇದು ಕೇಳಲು ಸುಲಭ, ಆಚರಿಸಲು ಕಷ್ಟ. ಮಿಲ್ಲರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 140 ಮಂದಿ ವ್ಯಸನಚಿಕಿತ್ಸಕರಿದ್ದರು. ಶಿಬಿರದ ಜೊತೆಗೆ, ಧ್ವನಿಮುದ್ರಿತ ಸಂಭಾಷಣೆಯ ವಿಮರ್ಶೆಯನ್ನೋ ವೈಯಕ್ತಿಕ ಮಾರ್ಗದರ್ಶನವನ್ನೋ ಪಡೆದವರ ನೈಪುಣ್ಯವು ಹೆಚ್ಚಿತು. ತಮ್ಮ ನೈಪುಣ್ಯದ ವಿಷಯವಾಗಿ ಚಿಕಿತ್ಸಕರು ತಾವೇ ಕೊಟ್ಟ ಅಭಿಪ್ರಾಯಕ್ಕೂ ಕಂಡುಬಂದ ನಡೆಗೂ ಸಂಬಂಧವಿರಲಿಲ್ಲ. ಆದುದರಿಂದ "ಚೆನ್ನಾಗಿ ನಡೆಯಿತು" ಎಂಬ ವರದಿಯೊಂದನ್ನೇ ನಂಬಿ ಮೇಲ್ವಿಚಾರಣೆ ನಡೆಸಲಾಗದು.

ಮೇಲ್ವಿಚಾರಕರು ಕಲಿಯತಕ್ಕವು ಮುಖ್ಯವಾಗಿ ಮೂರು. ರೋಗಿಯ ಒಪ್ಪಿಗೆಯಿಂದ ಮುದ್ರಿಸಿದ ಸಂಭಾಷಣೆಯನ್ನು ಕೇಳಿ, ಪ್ರಶ್ನೆಯೆಷ್ಟು, ಪ್ರತಿಫಲನವೆಷ್ಟು, ಉಪದೇಶವೆಷ್ಟೆಂದು ಎಣಿಸುವುದು ಮೊದಲನೆಯದು. ಒಂದು ಸಲಕ್ಕೆ ಒಂದೇ ದೋಷವನ್ನು ತಿದ್ದುವುದು ಎರಡನೆಯದು. ರೋಗಿಗೆ ತೋರಬೇಕಾದ ಗೌರವವನ್ನು ಸಮಾಲೋಚಕನಿಗೂ ತೋರುವುದು ಮೂರನೆಯದು. ಗದರಿಸಿ ಕಲಿಸಿದ ಮೃದುಭಾಷಣವು ನಿಲ್ಲದು.

ತಜ್ಞರ ಕೊರತೆಯಿರುವಲ್ಲಿ ಇದು ಅಸಾಧ್ಯವೆನ್ನಲಾಗದು. ನೆರೆಯ ಗೋವೆಯಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಾಮಾನ್ಯ ಸಮಾಲೋಚಕರೇ ಕುಡಿತದವರಿಗೆ ಸಲಹೆಯಿತ್ತು ಫಲ ಕಂಡರು. ಅವರು ಒಬ್ಬರ ಧ್ವನಿಮುದ್ರಿಕೆಗಳನ್ನು ಮತ್ತೊಬ್ಬರು ಕೇಳಿ ಅಳೆಯುವ ಕ್ರಮವಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ವ್ಯಸನಚಿಕಿತ್ಸೆಯನ್ನು ದೂರಸಂಪರ್ಕದ ಸಭೆಗಳ ಮೂಲಕ ಬೋಧಿಸಿದೆ.

ಆದರೆ ಒಂದು ಎಚ್ಚರಿಕೆ ಅವಶ್ಯ. ಬಹುಕಾಲ ಅತಿಯಾಗಿ ಕುಡಿದವನು ಥಟ್ಟನೆ ನಿಲ್ಲಿಸಿದರೆ ಸೆಳವು, ಸನ್ನಿಗಳು ಉಂಟಾಗಿ ಪ್ರಾಣಾಪಾಯವೂ ಸಂಭವಿಸಬಹುದು. ಅಂಥವನನ್ನು ಗುರುತಿಸಿ ವೈದ್ಯರಲ್ಲಿಗೆ ಕಳುಹಿಸುವುದನ್ನು ಸಮಾಲೋಚಕನಿಗೆ ಮನದಟ್ಟುಮಾಡುವುದೂ ಮೇಲ್ವಿಚಾರಕರ ಕರ್ತವ್ಯವೇ. ಸಂಭಾಷಣೆಯು ಔಷಧಕ್ಕೆ ಸಹಾಯಕವೇ ಹೊರತು ಅದಕ್ಕೆ ಬದಲಲ್ಲ.